ತಾಮ್ರದ ಚೊಂಬು

ಬರವಣಿಗೆ ಕೆಟ್ಟರೆ ಹುಡುಗನೇ ಕೆಟ್ಟನೆಂದು ತೀರ್ಮಾನಿಸುವ ಹಿರಿಯರಲ್ಲಿ ನಾವೂ ಒಬ್ಬರಾಗಿದ್ದೆವು. ನಮ್ಮ ತಂಗಿಯ ಮಗನಿಗೆ ಆಗ 14 ವರ್ಷ. ಮುತ್ತಿನಂತಿದ್ದ ಅವನ ಅಕ್ಷರಗಳು ಸೊಟ್ಟಗಾದುವು, ಕೈ ನಡುಗಿ ತುತ್ತು ಜಾರತೊಡಗಿತು, ಮಾತು ತೊದಲಿತು. ಸೋಮಾರಿತನವೆಂದು ಗದರಿಸಿದೆವು; ಒಂದೇ ಕಾಪಿಯನ್ನು ಹತ್ತು ಸಲ ಬರೆಯಿಸಿದುದೂ ಉಂಟು. ಬಾಯಿಂದ ಜೊಲ್ಲು ಸುರಿಯಲಾರಂಭಿಸಿದ ಮೇಲೆ, 2022ನೆಯ ಇಸವಿಯ ದಸರೆಯ ರಜೆಯಲ್ಲಿ, ಬೆಂಗಳೂರಿಗೆ ಕರೆದೊಯ್ದೆವು.

ವೈದ್ಯರು ಮೊದಲು ನೋಡಿದುದು ಕಣ್ಣನ್ನು. ಕರಿಯಾಲಿಯ ಅಂಚಿನಲ್ಲಿ ಕಂದುಹಸುರಿನ ಬಳೆಯೊಂದಿದ್ದಿತು. ಆಮೇಲೆ ಮಿದುಳಿನ ಎಂ.ಆರ್.ಐ. ಚಿತ್ರವನ್ನು ತೆಗೆಯಿಸಿ ನಮಗೂ ತೋರಿಸಿದರು. ನಡುಮಿದುಳಿನ ಅಡ್ಡಸೀಳಿನಲ್ಲಿ, ಬಿಳುಪಿನ ನಡುವೆ ಎರಡು ಕರಿಯ ಕಣ್ಣುಗಳು, ಪಕ್ಕಗಳಲ್ಲಿ ಕಿವಿಗಳು, ಜೊತೆಗೊಂದು ಬಾಯಿ. ಚೀನಾದೇಶದ ಪಾಂಡಾ ಕರಡಿಯ ಮುಖವೇ ಸರಿ! ವೈದ್ಯರೂ ಇದನ್ನು ಅದೇ ಹೆಸರಿನಿಂದ ಕರೆಯುವರಂತೆ. ಕಣ್ಣಾಗಿ ತೋರುವುದು ಕೆಡದೆ ಉಳಿದ ಭಾಗವೆಂದೂ ಸುತ್ತಲಿನ ಬಿಳುಪೇ ಕೇಡೆಂದೂ ತಿಳಿದಾಗ ನಮ್ಮ ನಗೆ ಅಡಗಿತು.

ಇದು 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ಎಂಬ ವೈದ್ಯರು ವಿವರಿಸಿದ ವಿಲ್ಸನ್ ರೋಗ. ಆಹಾರದೊಡನೆ ಎಲ್ಲರ ಒಡಲಿಗೂ ಕೊಂಚ ತಾಮ್ರವು ಸೇರುತ್ತದೆ. ಹೆಚ್ಚಾದುದನ್ನು ಯಕೃತ್ತು ಪಿತ್ತರಸದೊಡನೆ ಹೊರದೂಡುತ್ತದೆ. ಈ ಮಕ್ಕಳಲ್ಲಿ ಆ ದಾರಿ ಹುಟ್ಟಿನಿಂದಲೇ ಕಟ್ಟಿರುವುದರಿಂದ ತಾಮ್ರವು ಯಕೃತ್ತಿನಲ್ಲಿ ತುಂಬಿ, ಬಳಿಕ ಮಿದುಳಿಗೂ ಸೇರುವುದು. ದೋಷವುಳ್ಳ ಜೀನು ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ರೋಗ. ನಮ್ಮ ತಂಗಿಯನ್ನು ಸೋದರಮಾವನ ಮಗನಿಗೇ ಕೊಟ್ಟಿದ್ದಿತು. ಆ ಸಂಬಂಧವನ್ನು ಕುದುರಿಸಿದವರು ನಾವೇ.

"ತಾಮ್ರದ ಚೊಂಬಿನ ನೀರು ಕುಡಿದುದರಿಂದ ಬಂದಿತೆ?" ಎಂದು ಅವಳ ಅತ್ತೆಯವರು ಕೇಳಿದರು. ಅದರಿಂದಲ್ಲ, ಆದರೂ ಎತ್ತಿಡಿರಿ ಎಂದರು ವೈದ್ಯರು. ತೀರ್ಥದ ಉದ್ಧರಣೆಯನ್ನು ಮಾತ್ರ ಬಿಡಲಾರೆನೆಂದು ಹಟಹಿಡಿದ ಆಕೆ ಮರುದಿನ ತಾವಾಗಿಯೇ ಬೆಳ್ಳಿಯದನ್ನು ಹೊರತೆಗೆದರು.

ಹುಡುಗನಿಗೆ 11 ವರ್ಷದ ತಂಗಿಯೊಬ್ಬಳಿದ್ದಾಳೆ. ಒಡಹುಟ್ಟಿದವರಿಗೂ ನಾಲ್ಕರಲ್ಲೊಂದು ಪಾಲು ಸಂಭವವಿರುವುದರಿಂದ ಅವಳನ್ನೂ ಪರೀಕ್ಷಿಸಿದರು. ಅವಳ ಮಿದುಳಿನ ಚಿತ್ರ ಶುಭ್ರವಾಗಿದ್ದಿತು. ದೇವರಿಗೆ ತುಪ್ಪದ ದೀಪ ಹಚ್ಚಿದುದೂ ಆಯಿತು. ಆದರೆ ಇಡೀ ದಿನದ ಮೂತ್ರವನ್ನು ಅಳೆದಾಗ ತಾಮ್ರ ಮಿತಿಮೀರಿದ್ದಿತು. ಜೀನಿನ ಪರೀಕ್ಷೆಯೂ ಅದನ್ನೇ ಹೇಳಿತು.

"ಚಿತ್ರದಲ್ಲಿ ಏನೂ ಇಲ್ಲವಲ್ಲ, ಆಡುವ ಮಗುವಿಗೆ ಬದುಕಿರುವ ತನಕ ಮಾತ್ರೆಯೆ?" ಎಂದು ಭಾವನವರು ವಾದಿಸಿದರು. "ಚಿತ್ರದಲ್ಲಿ ಕಾಣುವವರೆಗೆ ಕಾದರೆ ಏನಾಗುವುದೆಂದು ಮಗನಲ್ಲಿ ನೋಡಿದಿರಲ್ಲ," ಎಂದರು ವೈದ್ಯರು. ಭಾವನವರು ಮತ್ತೆ ಮಾತನಾಡಲಿಲ್ಲ. ನಾವು ನೆಲ ನೋಡುತ್ತ ಕುಳಿತಿದ್ದೆವು.

ಹುಡುಗನು 1956ರಲ್ಲಿ ವಾಲ್ಷ್ ಎಂಬ ಆಂಗ್ಲ ವೈದ್ಯರು ಬಳಕೆಗೆ ತಂದ ಪೆನಿಸಿಲಮೈನನ್ನು ಸೇವಿಸುತ್ತಾನೆ. ಅದು ತಾಮ್ರವನ್ನು ಮೂತ್ರದೊಡನೆ ಹೊರಗೆಳೆಯುತ್ತದೆ. ಮೊದಲ ತಿಂಗಳು ನಡುಕವು ಇನ್ನೂ ಹೆಚ್ಚಿ ನಮ್ಮನ್ನು ಹೆದರಿಸಿತು. ಈಗ ಅಕ್ಷರಗಳು ಗೆರೆಯ ಮೇಲೆ ನಿಲ್ಲುತ್ತವೆ, ಕೊಂಬುಗಳು ಮಾತ್ರ ವಾಲುತ್ತವೆ. ಹುಡುಗಿಗೆ, ತಾಮ್ರವು ಕರುಳಿನಿಂದ ಒಡಲಿಗೆ ಸೇರದಂತೆ ತಡೆಯುವ ಸತುವಿನ ಮಾತ್ರೆ. ದಿನವೂ ಬರಿಹೊಟ್ಟೆಯಲ್ಲಿ ಗೊಣಗುತ್ತಲೇ ನುಂಗುತ್ತಾಳೆ. ಅಣ್ಣನ ಚಿತ್ರದಲ್ಲಿದ್ದ ಪಾಂಡಾ ತನ್ನ ಚಿತ್ರದಲ್ಲಿ ಏಕಿಲ್ಲವೆಂದು ಅವಳಿಗೆ ಕೊಂಚ ಅಸಮಾಧಾನವೂ ಉಂಟು.