ಬೈಯುವವರಿಗೆ ಏನೂ ಆಗಿಲ್ಲ

ಆಸೆ ಕಳೆದುಕೊಂಡವರು ಸಿನಿಮಾದಲ್ಲಾದರೆ ಗಡ್ಡ ಬಿಡುತ್ತಾರೆ, ಮಳೆಯಲ್ಲಿ ನೆನೆಯುತ್ತಾರೆ. ಬೆಂಗಳೂರಿನ ಪೀಣ್ಯದ ಪಕ್ಕದ ನಮ್ಮ ರಾಜಗೋಪಾಲನಗರದಲ್ಲಿ ಯಾರಿಗೂ ಅಷ್ಟು ಪುರುಸೊತ್ತಿಲ್ಲ. ಫಸ್ಟ್ ಶಿಫ್ಟಿಗೆ ಹೊತ್ತಾಗುತ್ತದೆ. ಹಾಗಾಗಿ ಇಲ್ಲಿ ಹತಾಶೆಯನ್ನು ಮುಖ ನೋಡಿ ಹಿಡಿಯುವುದು ಕಷ್ಟ, ಬಾಯಿ ನೋಡಿಯೇ ಹಿಡಿಯಬೇಕು.

ನನ್ನ ಲೆಕ್ಕದಲ್ಲಿ ಟೀ ಅಂಗಡಿ ಮುಂದೆ ನಿಂತು ಬೈಯುವವನು ಗಟ್ಟಿಯಾಗಿಯೇ ಇದ್ದಾನೆ. ಪೀಣ್ಯ ಫ್ಲೈಓವರನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿದಾಗ ಈ ಕಡೆಯವರೆಲ್ಲ ಬೈದರು. ಲಾರಿಗಳು ಮತ್ತೆ ಅದನ್ನು ಹತ್ತಿದ್ದು 2024ರಲ್ಲಿ. ಅಲ್ಲಿಯವರೆಗೂ ಬಾಯಿ ನಿಲ್ಲಲಿಲ್ಲ. ಬೈಯುವುದೆಂದರೆ ಕೇಳಿಸಿಕೊಳ್ಳುವವನು ಎಲ್ಲೋ ಒಬ್ಬ ಇದ್ದಾನೆ ಅನ್ನುವ ನಂಬಿಕೆ ತಾನೆ? ಅದೇ ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ ನೋಡಿ. ಕೋಟಿಗಟ್ಟಲೆ ಸುರಿದು ಕಟ್ಟಿದರು, 2014ರಲ್ಲಿ ಉದ್ಘಾಟನೆಯೂ ಆಯಿತು. ಬಸ್ಸುಗಳು ಕೆಲಕಾಲ ಬಂದು ಮೆಜೆಸ್ಟಿಕ್ಕಿಗೇ ವಾಪಸಾದವು. ಈಗ ಅದನ್ನು ಯಾರಾದರೂ ಬೈದದ್ದು ನನ್ನ ಕಿವಿಗಂತೂ ಬಿದ್ದಿಲ್ಲ.

ಇನ್ನು ಜಾಬ್‌ವರ್ಕಿನವರು. ಬಾಡಿಗೆ ಶೆಡ್ಡು, ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಮಾಲೀಕನೇ ಆಪರೇಟರು. ಮಾಲು ಇಳಿಸಿ ಚಲನ್ನಿಗೆ ಸೀಲು ಹಾಕಿಸಿಕೊಂಡು ಬರುತ್ತಾನೆ. ಆಮೇಲೆ ಅಕೌಂಟ್ಸಿನವರ ಮಂತ್ರ: ‘ಸೋಮವಾರ ಬನ್ನಿ.’ ಯಾವ ಸೋಮವಾರ ಅಂತ ಕೇಳುವಂತಿಲ್ಲ. ಕಾನೂನು ಇಲ್ಲವೆಂದಲ್ಲ. ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ಒಂದು ಜಾಲತಾಣವನ್ನೂ ತೆರೆದರು, ಹೆಸರು ‘ಸಮಾಧಾನ್’! ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ದೂರು ಕೊಟ್ಟರೆ ಬಡ್ಡಿ ಬರಬಹುದು, ಮುಂದಿನ ಆರ್ಡರು ಬರುತ್ತದೆಯೇ?

ಹೀಗೇ ಒಬ್ಬರು ನಮ್ಮ ಬೈಟೂ ಟೀ ಸ್ನೇಹಿತರು. ಲೋಟ ಬರಿದಾಗುವವರೆಗೂ ಕಂಪನಿಯವರ ವಂಶಾವಳಿ ಜಾಲಾಡುವ ಆಸಾಮಿ. ಒಂದು ಸಂಜೆ, “ಏನಣ್ಣ, ಪೇಮೆಂಟ್ ಬಂತಾ?” ಅಂದೆ.

“ಬಿಡಿ ಸಾರ್.”

ಅಷ್ಟೇ. ಟೀ ಕೆನೆಗಟ್ಟುತ್ತಿತ್ತು, ಕೈಯ ಗ್ರೀಸನ್ನು ಬನಿಯನ್ ವೇಸ್ಟಿನಲ್ಲಿ ಒರೆಸುತ್ತಲೇ ಇದ್ದರು. ನನಗೆ ದಿಗಿಲಾಯಿತು. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಿಸುತ್ತಾರೆ, ದುಡ್ಡಿಲ್ಲ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ನಿಮ್ಹಾನ್ಸ್ ಅದರ ಬೆನ್ನಿಗಿದೆ. ನಂಬರು ಬರೆದುಕೊಟ್ಟೆ, ಮಡಚಿ ಜೇಬಿಗಿಟ್ಟುಕೊಂಡರು. ಆದರೆ ಫೋನು ಮಾಡುವುದಕ್ಕೂ ಕಷ್ಟ ಹೇಳಿಕೊಳ್ಳುವ ಹುಮ್ಮಸ್ಸು ಬೇಕಲ್ಲ!

ಬೇರೆ ದಾರಿ ಕಾಣದೆ, “ನಿಮ್ಮ ಶೆಡ್ಡಿನ ಮುಂದಿನ ಗುಂಡಿ ಮುಚ್ಚಿದ್ರಾ?” ಅಂತ ಕೆಣಕಿದೆ. ಎರಡನೇ ಬೈಟೂ ಹೇಳಬೇಕಾಯಿತು, ಅಷ್ಟು ಬೈದರು.