ಐವತ್ತರ ನೋಟಿನಲ್ಲಿ ಕಾಣದ ಗೋಪುರ

ನಿಮ್ಮ ಜೇಬಿನಲ್ಲಿ ಐವತ್ತು ರೂಪಾಯಿಯ ನೋಟು ಇದ್ದರೆ ಒಮ್ಮೆ ಹೊರಗೆ ತೆಗೆಯಿರಿ. 2017ರಲ್ಲಿ ಬಂದ ತಿಳಿನೀಲಿ ಬಣ್ಣದ ನೋಟು. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಅದನ್ನು ನೋಡದ ಕನ್ನಡಿಗ ಯಾರಿದ್ದಾನೆ? ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡವರೇ ನಾವೆಲ್ಲ. ಆದರೂ ಆ ರಥವನ್ನು ನಾವು ಪೂರ್ತಿ ನೋಡಿಲ್ಲ ಎಂದರೆ ನಂಬುತ್ತೀರಾ?

ನನಗೂ ಇದು ಗೊತ್ತಾದದ್ದು ಒಂದು ಹಳೆಯ ಛಾಯಾಚಿತ್ರದಿಂದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯಲ್ಲಿ ತೆಗೆದ ಚಿತ್ರ ಅದು. ಆಗ ಫಿಲಂ ಎಂಬುದೇ ಇರಲಿಲ್ಲ. ಕಾಗದಕ್ಕೆ ಬೆಳ್ಳಿಯ ಲವಣ ಸವರಿ, ಅದರ ಮೇಲೆ ಬೆಳಕನ್ನು ಹಿಡಿಯಬೇಕಿತ್ತು. ಹಾಳೆಯ ಮೇಲೆ ಬಿಂಬ ಮೂಡಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅಡ್ಡಾಡಿದ ಮನುಷ್ಯರು ಚಿತ್ರದಲ್ಲಿ ಮೂಡುವುದೇ ಇಲ್ಲ. ಅಲುಗದೆ ನಿಂತ ಕಲ್ಲು ಮಾತ್ರ ಉಳಿಯುತ್ತದೆ. ನೂರಕ್ಕೂ ಹೆಚ್ಚು ವರ್ಷ ಈ ಹಾಳೆಗಳು ಯಾರ ಗಮನಕ್ಕೂ ಬಾರದೆ ಇದ್ದವು. ಬೆಳಕಿಗೆ ಬಂದ ಮೇಲೆ, 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಹಂಪಿಗೆ ಬಂದು, ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದ.

ಗ್ರೀನ್‌ಲಾ ತೆಗೆದ ರಥದ ತಲೆಯ ಮೇಲೆ ಇಟ್ಟಿಗೆ-ಗಾರೆಯ ಗೋಪುರವಿದೆ! ಇಂದು ಅದರ ಕುರುಹೂ ಇಲ್ಲ. ಈಗ ನಾವು ನೋಡುವುದು ತಲೆಯ ಮುಂಡಾಸು ಕಳಚಿಟ್ಟ ರಥವನ್ನು. ಆ ಗೋಪುರ ನೋಡಿದ ಮೇಲೆ ಇದು ಬರೀ ಅಲಂಕಾರದ ರಥವಲ್ಲ, ವಿಠಲನ ಎದುರಿಗೆ ಕಟ್ಟಿದ ಗರುಡನ ಗುಡಿ ಎಂಬುದು ಥಟ್ಟನೆ ಹೊಳೆಯುತ್ತದೆ.

ಆ ಚಿತ್ರದ ಪ್ರತಿಯನ್ನೂ ಒಂದು ನೋಟನ್ನೂ ನಮ್ಮ ಅನಂತಪುರದ ಕೆಲವು ಮಕ್ಕಳ ಮುಂದಿಟ್ಟು, ‘ವ್ಯತ್ಯಾಸ ಹುಡುಕಿರಿ’ ಎಂದೆ. ಅನಂತಪುರ ಎಂದರೆ ಆಂಧ್ರದ್ದಲ್ಲ, ಅಥಣಿ ಕಡೆಯ ನಮ್ಮೂರು. ಗೋಪುರವನ್ನು ಎಲ್ಲರೂ ಕಂಡುಹಿಡಿದರು. ಒಬ್ಬ ಹುಡುಗಿ ಮಾತ್ರ ಸುಮ್ಮನಾಗಲಿಲ್ಲ. ‘ಸರ್, ಹಂಗಾದ್ರ ಖರೇ ರಥ ಯಾವ್ದರೀ?’ ಎಂದಳು.

ಎಂಥ ಪ್ರಶ್ನೆ ನೋಡಿ! ಎರಡೂ ಖರೇ. ಒಂದು 1856ರ ಖರೇ, ಇನ್ನೊಂದು ಇಂದಿನ ಖರೇ. ಕಟ್ಟಡಕ್ಕೂ ವಯಸ್ಸಾಗುತ್ತದೆ, ರೂಪ ಬದಲಾಗುತ್ತದೆ. ಆದರೆ ಆ ಚಿತ್ರ ಇಲ್ಲದಿದ್ದರೆ ಮೊದಲನೆಯ ಖರೇ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತಿತ್ತು?

ನೆನಪು ಸಾಲದೇ ಎಂದು ಕೇಳಬಹುದು. ನಮ್ಮ ಭಾಗದ ಜನ ಕೃಷ್ಣೆಯ ಆಚೆ ದಡದ ಖಿದ್ರಾಪುರಕ್ಕೆ ಹೋಗುತ್ತಾರಲ್ಲ, ಅಲ್ಲಿಯ ಕೋಪೇಶ್ವರ ಗುಡಿಯನ್ನೇ ನೋಡಿ. ಶಿವನ ಗುಡಿಯಾದರೂ ಎದುರಿಗೆ ನಂದಿಯಿಲ್ಲ. ದಕ್ಷನ ಯಜ್ಞಕ್ಕೆ ದೇವಿ ನಂದಿಯನ್ನೇರಿ ಹೋದಳು, ಆ ನಂದಿ ಚಿಕ್ಕೋಡಿ ಸೀಮೆಯ ಯಡೂರಿನಲ್ಲಿದೆ ಎಂದು ಹಿರಿಯರು ಕಥೆ ಹೇಳುತ್ತಾರೆ. ಇಲ್ಲದ ನಂದಿಯನ್ನು ಕಥೆ ಇಷ್ಟು ಕಾಲ ಕಾಯ್ದುಕೊಂಡು ಬಂದಿದೆ. ಆದರೆ ಕಂಬದ ಅಳತೆ, ಜಗಲಿಯ ಎತ್ತರ, ಬಾಗಿಲ ಮೇಲಿನ ಗಜಲಕ್ಷ್ಮಿಯನ್ನು ಯಾವ ಕಥೆಯೂ ಕಾಯುವುದಿಲ್ಲ. ಅದಕ್ಕೆ ಚಿತ್ರವೇ ಬೇಕು.

ದೂರದ ಹವಾಯಿ ದ್ವೀಪಗಳಲ್ಲೂ ಹೀಗೇ ಆಯಿತು. ಅಲ್ಲಿಯವರು ತಮ್ಮ ಗುಡಿಗೆ ‘ಹೆಯಾವು’ ಎನ್ನುತ್ತಾರೆ. ಕಲ್ಲಿನ ಕಟ್ಟೆ, ಮೇಲೆ ಹುಲ್ಲಿನ ಮನೆ, ಮರದ ದೇವರುಗಳು. 1819ರಲ್ಲಿ ಹಳೆಯ ಧರ್ಮದ ಕಟ್ಟುಪಾಡುಗಳನ್ನು ಅಲ್ಲಿಯ ಅರಸೊತ್ತಿಗೆಯೇ ಕೈಬಿಟ್ಟಿತು. ಅನೇಕ ಗುಡಿಗಳು ನಾಶವಾದವು. ಅದಕ್ಕೆ ಮೂರು ವರ್ಷ ಮೊದಲು, 1816ರಲ್ಲಿ, ರಷ್ಯದ ಹಡಗಿನಲ್ಲಿ ಬಂದ ಲೂಯಿ ಕೋರಿಸ್ ಎಂಬ ಕಲಾವಿದ ‘ಅಹುಎನಾ’ ಗುಡಿಯ ಚಿತ್ರ ಬರೆದಿದ್ದ. 1970ರ ದಶಕದಲ್ಲಿ ಆ ಗುಡಿಯನ್ನು ಮತ್ತೆ ಕಟ್ಟಿದಾಗ ಹಳೆಯ ಚಿತ್ರಗಳೇ ದಾರಿ ತೋರಿದವು.

ಈಗ ನಮ್ಮ ಹಳ್ಳಿಗಳಿಗೆ ಬರೋಣ. ಎಲ್ಲಿ ನೋಡಿದರೂ ಜೀರ್ಣೋದ್ಧಾರ. ಹಳೆಯ ಕಲ್ಲಿನ ಗುಡಿ ಇಳಿಸಿ ಕಾಂಕ್ರೀಟಿನ ಗುಡಿ, ಕಂಬಕ್ಕೆ ಆಯಿಲ್ ಪೇಂಟು, ಶಾಸನದ ಮೇಲೆ ಟೈಲ್ಸು. ಒಂದು ಊರಲ್ಲಿ ಈ ಬಗ್ಗೆ ಸಣ್ಣಗೆ ಗೊಣಗಿದೆ. ಹಿರಿಯರೊಬ್ಬರು ನಕ್ಕು, ‘ಮಾಸ್ತರ, ಗುಡಿ ಸೋರತಿತ್ರೀ. ಮಳಿಯೊಳಗ ದೇವರನ್ನ ತೋಯಿಸಿಕೋತ ಕೂಡಾಕ ಆಗ್ತದೇನ್ರೀ?’ ಎಂದರು. ಅವರ ಮಾತೂ ಖರೇ. ಗುಡಿ ನಡೆದುಕೊಳ್ಳುವವರದ್ದು, ಸೋರುವ ಮಾಳಿಗೆ ಸರಿಪಡಿಸಲೇಬೇಕು. ಆದರೆ ಹಳೆಯ ಗುಡಿಯ ಮುಖಮಂಟಪ ಹೇಗಿತ್ತು ಎಂದು ಕೇಳಿದಾಗ ಆ ಕಟ್ಟೆಯ ಮೇಲಿದ್ದ ನಾಲ್ವರು ನಾಲ್ಕು ರೀತಿ ಹೇಳಿದರು. ಒಬ್ಬರಿಗೆ ಆರು ಕಂಬ, ಇನ್ನೊಬ್ಬರಿಗೆ ಎಂಟು. ಗುಡಿ ಇಳಿಸಿ ಇಪ್ಪತ್ತು ವರ್ಷವೂ ಆಗಿರಲಿಲ್ಲ!

ಕೊನೆಗೆ ಜಗಳ ಬಗೆಹರಿದದ್ದು ಒಂದು ಮದುವೆಯ ಅಲ್ಬಮ್ಮಿನಿಂದ. ದೇವರಿಗೆ ಕೈಮುಗಿಯಲು ಬಂದ ಮದುಮಕ್ಕಳು ಬಾಸಿಂಗ ಕಟ್ಟಿಕೊಂಡು ನಿಂತಿದ್ದಾರೆ. ಅವರ ಬೆನ್ನ ಹಿಂದೆ ಮುಖಮಂಟಪ, ಎಂಟು ಕಂಬ. ಫೋಟೊದವನಿಗೆ ಕಂಬ ಬೇಕಾಗಿರಲಿಲ್ಲ. ಆದರೂ ಊರಿನ ಗುಡಿಗೆ ಇರುವ ಒಂದೇ ಸಾಕ್ಷಿ ಅದು.

ಹೀಗಾಗಿ ತಂದೆ-ತಾಯಂದಿರಲ್ಲಿ ಒಂದು ವಿನಂತಿ. ಮನೆಯ ಟ್ರಂಕಿನಲ್ಲಿರುವ ಅಲ್ಬಮ್ ತೆಗೆದು, ಮಕ್ಕಳನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ನೋಡಿ. ಜನರನ್ನು ಗುರುತಿಸಿದ ಮೇಲೆ ಅವರ ಹಿಂದೆ ಏನಿದೆ ಎಂದೂ ನೋಡಿ. ಫೋಟೊದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಊರು, ವರ್ಷ, ಹೆಸರು ಬರೆಯಿರಿ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಈ ರಜೆಯಲ್ಲಿ ನಿಮ್ಮೂರ ಗುಡಿ, ಬಸದಿ, ದರ್ಗಾ, ಹಳೆಯ ಬಾವಿ ಯಾವುದಾದರೂ ಸರಿ, ಹಿರಿಯರ ಅಪ್ಪಣೆ ಪಡೆದು ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆಯಿರಿ. ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಶಾಸನದ ಕಲ್ಲು, ವೀರಗಲ್ಲುಗಳ ಚಿತ್ರವನ್ನು ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಅಕ್ಷರ ಎದ್ದು ಕಾಣುತ್ತವೆ. ಮೊಬೈಲು ಕೆಟ್ಟರೆ ಚಿತ್ರವೂ ಹೋಗುತ್ತದೆ. ಆದ್ದರಿಂದ ನಾಲ್ಕಾದರೂ ಪ್ರಿಂಟು ಹಾಕಿಸಿ, ದಿನಾಂಕ ಬರೆದು, ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಗುಡಿಯ ಕಮಿಟಿಯವರಿಗೂ ಒಂದು ಕೊಡಿ. ನಾಳೆ ಗುಡಿ ಹೊಸದಾಗುವುದಿದ್ದರೆ ಆಗಲಿ. ಅದು ಇಂದು ಹೇಗಿದೆ ಎಂಬುದಕ್ಕೆ ಊರಿನ ಕೈಯಲ್ಲಿ ಒಂದು ಚಿತ್ರವಾದರೂ ಉಳಿಯಲಿ.