ಇಕ್ಕೇರಿ ವರಹ

ಘಟ್ಟದ ಮೇಲಿನ ಸಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ಹಳೆಯ ಮನೆತನಗಳಲ್ಲಿ ಮದುವೆ ಗೊತ್ತಾದೊಡನೆ ಅಜ್ಜಿಯ ಪೆಟ್ಟಿಗೆಯ ಬೀಗ ತೆರೆಯುತ್ತದೆ. ಒಡವೆಗಳ ನಡುವೆ ಕಿವಿ ಬೆಸೆದ ಸಣ್ಣದೊಂದು ಹೊನ್ನಿನ ಬಿಲ್ಲೆ ಕಾಣಸಿಗುವುದುಂಟು. ತೂಕ ಮೂರೂವರೆ ಗ್ರಾಮಿಗೆ ತುಸು ಕಡಿಮೆ. ಒಂದು ಮುಖದಲ್ಲಿ ಶಿವಪಾರ್ವತಿಯರು ಕುಳಿತಿದ್ದಾರೆ. ಇನ್ನೊಂದರಲ್ಲಿ ನಾಗರಿ ಲಿಪಿಯ 'ಶ್ರೀ ಸದಾಶಿವ'. ಅಕ್ಕಸಾಲಿಗನು ಅದನ್ನು ತೂಗಿ, ಒರೆಗೆ ಹಚ್ಚಿ ಬೆಲೆ ಹೇಳುತ್ತಾನೆ. ಬಿಲ್ಲೆ ಮೂಸೆಗೆ ಬಿದ್ದು ಬಳೆಯಾಗುತ್ತದೆ. ತಾವು ಕರಗಿಸಿದ್ದು ಇಕ್ಕೇರಿ ವರಹವೆಂಬುದು ಮನೆಯವರಿಗೆ ತಿಳಿಯುವುದೇ ಇಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಆ ಕಾಲದ ಬೆಳ್ಳಿಯ ನಾಣ್ಯವನ್ನು ಅರಸುವವನಿಗೆ ನಿರಾಶೆಯೇ ಹೆಚ್ಚು. 14-15ನೆಯ ಶತಮಾನಗಳಲ್ಲಿ ದೂರದ ಲಿಥುವೇನಿಯದ ಅರಸರು ಬೆಳ್ಳಿಯಲ್ಲಿಯೇ ತಮ್ಮ ಮುದ್ರೆಯೊತ್ತಿದರು. ಕನ್ನಡ ನಾಡಿನ ಅರಸರಿಗೆ ಹೊನ್ನೇ ಮುಖ್ಯ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ವರಹ, ಪಣಗಳನ್ನು ವರ್ಣಿಸಿ, ಬೆಳ್ಳಿಯ 'ತಾರ'ವು ಪಣದ ಆರನೆಯ ಒಂದು ಪಾಲು ಎಂದಿದ್ದಾನೆ. ಬೆಳ್ಳಿಗೆ ದೊರೆತದ್ದು ಚಿಲ್ಲರೆಯ ಪದವಿ!

ಆ ಸಾಮ್ರಾಜ್ಯದ ಮಾಂಡಲಿಕರಾಗಿ ಬೆಳೆದ ಕೆಳದಿಯ ವೀರಶೈವ ನಾಯಕರು ಅದೇ ಪದ್ಧತಿಯನ್ನು ಮುಂದುವರಿಸಿದರು. ಸಾಗರದ ಬಳಿಯ ಇಕ್ಕೇರಿ ಅವರ ರಾಜಧಾನಿಯಾಗಿದ್ದಾಗ ವರಹಕ್ಕೆ ಬಂದ ಹೆಸರು, ಟಂಕಸಾಲೆ ಬಿದನೂರಿಗೆ ಹೋದ ಮೇಲೂ ಅಳಿಯಲಿಲ್ಲ. ಪಟ್ಟವೇರಿದವರು ಬದಲಾದರೂ ನಾಣ್ಯದ ಮೇಲೆ ಉಳಿದದ್ದು ಸದಾಶಿವನಾಯಕನ ಹೆಸರು. ಆದಕಾರಣ ಇಂಥ ವರಹ ಯಾವ ನಾಯಕನದೆಂದು ನಿರ್ಣಯಿಸುವುದು ಪಂಡಿತರಿಗೂ ತೊಡಕು. ತನ್ನ ಹೆಸರನ್ನು ಹೊನ್ನಿನಲ್ಲಿ ಕಾಣುವ ಆಸೆಯನ್ನು ಶಿವಪ್ಪನಾಯಕನಂಥ ಪ್ರತಾಪಿಯೂ ಅಡಗಿಸಿದನೆಂಬುದು ಸಣ್ಣ ಸಂಗತಿಯಲ್ಲ.

1763ರಲ್ಲಿ ಹೈದರಲಿಯು ಬಿದನೂರನ್ನು ಗೆದ್ದನು. ಸ್ವಲ್ಪ ಕಾಲದಲ್ಲಿಯೇ ಸೋದೆಯೂ ಅವನ ವಶವಾಯಿತು. ರಾಜ್ಯವನ್ನು ಕಿತ್ತುಕೊಂಡವನು ನಾಣ್ಯದ ಶಿವಪಾರ್ವತಿಯರನ್ನು ಮಾತ್ರ ಕದಲಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸೀ ಅಕ್ಷರವನ್ನಷ್ಟೇ ಒತ್ತಿಸಿದನು. ಇದನ್ನು ಔದಾರ್ಯವೆನ್ನುವವರಿದ್ದಾರೆ. ವ್ಯವಹಾರಜ್ಞಾನವೆನ್ನುವುದು ಹೆಚ್ಚು ಸರಿ. ಅಡಿಕೆ, ಕಾಳುಮೆಣಸುಗಳನ್ನು ಮಾರುವವನು ಕಂಡು ನಂಬಿದ ಮುಖವನ್ನು ಬದಲಿಸಿದರೆ ನಷ್ಟ ಯಾರಿಗೆ? ಮಗ ಟಿಪ್ಪು ಆ ಮೂರ್ತಿಗಳನ್ನು ಬಿಟ್ಟು ಪಾರಸೀ ಬರಹಗಳನ್ನು ಹಾಕಿಸಿದನು. ಬೆಳ್ಳಿಯ ರೂಪಾಯಿಗಳನ್ನೂ ಹೇರಳವಾಗಿ ಟಂಕಿಸಿದನು. 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವಪಾರ್ವತಿಯರು ಮರಳಿ ಬಂದರು.

1801ರಲ್ಲಿ ಸೋದೆ, ಸಿರಸಿ, ಬನವಾಸಿಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಈ ಪ್ರಾಂತದ ಬೆಳೆ ಬೆಲೆಗಳನ್ನು ವಿವರವಾಗಿ ಬರೆದಿಟ್ಟನು. ಅವನ ಲೆಕ್ಕದಲ್ಲಿ ಇಕ್ಕೇರಿ ವರಹಕ್ಕೆ ನಾಲ್ಕು ರೂಪಾಯಿ. ನಾಯಕರು ಹೋಗಿ ಸುಮಾರು ನಾಲ್ವತ್ತು ವರ್ಷಗಳಾಗಿದ್ದರೂ ಅವರ ಊರಿನ ಹೆಸರು ಪೇಟೆಯ ಬಾಯಲ್ಲಿತ್ತು. 1835ರಲ್ಲಿ ಕಂಪನಿ ಸರಕಾರವು ತನ್ನ ಪ್ರಾಂತಗಳಿಗೆಲ್ಲ ಒಂದೇ ಬೆಳ್ಳಿಯ ರೂಪಾಯಿಯನ್ನು ವಿಧಿಸಿದ ಮೇಲೆ, ಅದುವರೆಗೆ ಚಿಲ್ಲರೆಯಾಗಿದ್ದ ಲೋಹವೇ ಒಡೆಯನಾಯಿತು. ವರಹವು ಪೇಟೆಯಿಂದ ಸರಿದು ಕೊರಳಿಗೂ ಪೆಟ್ಟಿಗೆಗೂ ಸೇರಿತು.

ಮೂಸೆಗೆ ಹಾಕುವ ಮುನ್ನ ಬಿಲ್ಲೆಯನ್ನು ಮಗುಚಿ ನೋಡಲು ಕ್ಷಣ ಸಾಕು. 'ಸದಾಶಿವ' ಎಂದಿದ್ದರೆ ಕೆಳದಿಯವರದು. ಪಾರಸೀ ಅಕ್ಷರವಿದ್ದರೆ ಹೈದರನದು. 'ಕೃಷ್ಣರಾಜ' ಎಂದಿದ್ದರೆ ಮೈಸೂರಿನದು. ಮುಂಬದಿಯಲ್ಲಿ ಮೂರಕ್ಕೂ ಶಿವಪಾರ್ವತಿಯರೇ.